ಹತ್ತರಾಗ ಏಳು

ಸಿಮೆಂಟ್ ಕಂಪನಿಯ ಹಳೇ ಡೈರಿ ಇದು, ಎಂಬತ್ತೊಂಬತ್ತರದ್ದು.
ಅಚ್ಚಾದ ತಾರೀಖು ಹೊಡದು ಹಾಕಿ
ಶಹಾಬಾದದ ಅಂಕಣದ ಲೆಕ್ಕ ಬರಕೋತ ಬಂದೀನಿ:
ಕಬಡ್ಡಿ, ಗಂಡಸರದ್ದು. ಆಮ್ಯಾಲ ಹೆಣ್ಮಕ್ಕಳದ್ದೂ.
ಎರಡು ಕಾಲಂ. ಗೆದ್ದದ್ದು, ಸೋತದ್ದು.
ಸಮ ಆದ್ರ ನಡುಗೆರಿ ಮ್ಯಾಲ ಒಂದು ಚುಕ್ಕಿ.

ಮೊದಲ ಹತ್ತು ವರ್ಷ, ನಮ್ಮೂರಾಗ ಆಡಿದ್ರ
ಹತ್ತರಾಗ ಏಳು ನಮ್ಮವೇ.
ಮಣ್ಣಿನ ಋಣ ಅಂದ್ರು ಕೆಲವರು.
ನನಗ ಗೊತ್ತಿತ್ತು:
ಬಲಮೂಲ್ಯಾಗ, ನಾಲ್ಕು ಬೆರಳು ಮಣ್ಣಿನ ಕೆಳಗ
ಒಂದು ಪರಸಿ ಇತ್ತು, ಯಾವ ಕಾಲದ ಹಾಸೋ.
ನಮ್ಮ ಹುಡುಗರ ಹಿಮ್ಮಡಿಗೆ ಅದರ ಗುರುತು.
ಬೋನಸ್ ಗೆರಿ ದಾಟಿ ಬಂದವನ್ನ ಅಲ್ಲಿಗೇ ಒತ್ತವರು.
ಜಾರತಿದ್ದ. ಮೊಣಕಾಲು ಒಡಕೋತಿದ್ದ.
ಡ್ಯಾನಿಯಲ್ ಮಾಸ್ತರು ಸೀಟಿ ಊದೂ ಮೊದಲು
ಸುತ್ತ ನಿಂತ ಗಣಿ ಮಂದಿಯ ಕೈ ನೋಡತಿದ್ರು.
ಕೈಯಾಗ ಕಲ್ಲು ಇರಲಿಲ್ಲ ಖರೇ,
ಆದ್ರ ಕಲ್ಲು ಒಡೆಯೂ ಕೈ ಅವು.

ಯಾದಗಿರಿಯವರು ಪ್ಯಾಸೆಂಜರ್ ಗಾಡ್ಯಾಗ ನಿಂತು ಬರವರು,
ನಮ್ಮ ಸುಣ್ಣದ ನೀರು ಕುಡದು
ಹೊಟ್ಟಿ ಹಿಡಕೊಂಡು ಟಾಸಿಗೆ ನಿಲ್ಲವರು.
ಪಾಪ ಅನಸತಿತ್ತು.
ಅನಸಕೋತೇ ನಮ್ಮ ಕಾಲಂದಾಗ ಗೆರಿ ಎಳೀತಿದ್ದೆ.

ಈಗ ನೀಲಿ ಮ್ಯಾಟು ಬಂದದ.
ಸೇಡಂದಾಗೂ ಅದೇ ನೀಲಿ, ಚಿತ್ತಾಪುರದಾಗೂ ಅದೇ.
ಹೊರಗಿನವರು ಕ್ರೂಸರ್ ಮಾಡಕೊಂಡು ಬರತಾರ,
ಸೀಲ್ ಬಾಟ್ಲಿ ತರತಾರ.
ಸೀಟಿಯವಗ ಮೊಬೈಲಿನ ಅಂಜಿಕಿ, ಮಂದೀದಲ್ಲ.
ಮಂದೀನೂ ಒದರಂಗಿಲ್ಲ,
ಒದರಿದ್ರ ವಿಡಿಯೋ ಅಲುಗಾಡತದ.
ಹತ್ತರಾಗ ಐದು. ಹೋದ ವರ್ಷ ಐದೂವರಿ,
ಆ ಅರ್ಧ ಮಳಿ ಬಂದು ನಿಂತದ್ದು.

ಗಣಿತದ ನಾಗೂರೆ ಸರ್ ಡೈರಿ ತಿರುವಿ ಹಾಕಿ ಅಂದ್ರು:
ಅಮೆರಿಕಾದಾಗೂ ಇದೇ ವಾದ ನಡದದ,
ಸುಲಿಯದ ತೆಂಗಿನಕಾಯಿಯಂಥ ಚೆಂಡು
ಬಗಲಾಗ ಹಿಡಕೊಂಡು ಓಡತಾರಲ್ಲ, ಅವರೊಳಗ.
ತವರಿನ ಬಲ ಕರಗಲಿಕ್ಕತ್ತದ ಅಂತ ಒಬ್ಬ,
ಇಲ್ಲ, ನಿಮ್ಮ ಲೆಕ್ಕವೇ ಸಣ್ಣದು ಅಂತ ಇನ್ನೊಬ್ಬ.
ನಿಮ್ಮದೂ ಸಣ್ಣದೇ, ಅಂದ್ರು. ಚಾ ಕುಡದು ಹೋದ್ರು.

ತವರು ಅಂದ್ರು ನೋಡ್ರಿ.
ಪೇಪರಿನವರೂ ಹಂಗೇ ಬರೀತಾರ, ತವರಿನಂಗಳ, ತವರಿನ ಲಾಭ.
ಗಂಡಸಿಗೆ ತವರು ಕೊಟ್ಟದ್ದು ಆ ಆಟದ ಪುಟ ಒಂದೇ.
ನಾ ಹುಟ್ಟಿದ ಮನ್ಯಾಗೇ ಹಲ್ಲು ಉದರಿಸಿಕೊಂಡವ.
ಅದಕ್ಕ ಏನಂತಾರ? ಮನಿ ಅಂತಾರ, ಅಷ್ಟೇ.

ಸೂಗಮ್ಮ ಸೇಡಂದಕಿ.
ಮೂವತ್ತು ವರ್ಷ ಡಬ್ಬಿ ಕಟಗೊಂಡು ಬಂದು
ನನ್ನ ಮಗ್ಗಲದಾಗ ಕಟ್ಟಿಗೆ ಕೂತಾಳ.
ಸೇಡಂ ತಂಡ ಬಂದ ದಿನ ಸೆರಗು ಬಾಯಿಗೆ.

ಈ ಜನವರ್ಯಾಗ ಹೆಣ್ಮಕ್ಕಳ ಫೈನಲ್ಲು.
ಕೊನೇ ರೈಡು, ಎರಡೂ ಕಡಿ ಇಪ್ಪತ್ತಾರು.
ಸೇಡಂದ ಪೋರಿ ಒಬ್ಬಾಕಿ ಗೆರಿ ದಾಟಿ ಬಂದಳು.
ಇಡೀ ಮೈದಾನ ಗಪ್ಪ, ಎಲ್ಲಾರ ಕೈಯಾಗ ಫೋನು.
ನನ್ನ ಕಿವಿ ಪಕ್ಕದಾಗೇ ಒಂದು ದನಿ ಸಿಡೀತು:
"ಬಲಕ್ಕ ಹೋಗಬ್ಯಾಡವ್ವಾ, ಬಲಕ್ಕ ಕಲ್ಲದ!"

ಆ ಕಲ್ಲಿನ ಗುಟ್ಟು
ಮದುವಿ ಆದ ವರ್ಷ ನಾನೇ ಹೇಳಿದ್ದು,
ಮೀಸಿ ತಿರುವಿಕೊಂಡು.
ಮ್ಯಾಟಿನ ಬುಡಕ ಅದು ಇನ್ನೂ ಅದನೋ
ಕಿತ್ತು ಒಗದಾರೋ, ನನಗೂ ಗೊತ್ತಿಲ್ಲ.
ಪೋರಿ ಮಾತ್ರ ಎಡಕ್ಕ ಹೊಳ್ಳಿದಳು,
ಇಬ್ಬರನ್ನ ಮುಟ್ಟಿದಳು, ಮೀನಿನಂಗ ನುಸುಳಿ ಹೋದಳು.

ರಾತ್ರಿ ಡೈರಿ ತಗದೆ. ಸೋತದ್ದು, ಅಂತ ಬರದೆ.
ಸೂಗಮ್ಮ ರೊಟ್ಟಿ ಬಡದು ಬಂದು ಹಿಂದ ನಿಂತಳು.
ನಂದು ಎಲ್ಲಿ ಬರೀತೀರಿ? ಅಂದಳು.
ಒಂದೀಟು ಯೋಚನಿ ಮಾಡಿ
ನಡುಗೆರಿ ಮ್ಯಾಲ ಪೆನ್ನು ಇಟ್ಟೆ.
ಹಿಟ್ಟಿನ ಕೈಲೇ ಹಿಡದಳು ಮಣಿಕಟ್ಟು:
"ಚುಕ್ಕಿ ಬ್ಯಾಡ್ರಿ. ನಾ ಗೆದ್ದೀನಿ."